ಗಾಡಿ ನಮ್ಮದು, ಸಾಲ ನಮ್ಮದು, ಹಕ್ಕು ಮಾತ್ರ ಷೋರೂಮಿನದು!

(ತಾಲ್ಲೂಕು ಮಟ್ಟದ ರೈತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ. ಸಭೆಗೆ ಬರಲಾಗದ ಓದುಗರಿಗಾಗಿ ಅಲ್ಲಲ್ಲಿ ವಿವರ ಸೇರಿಸಿದೆ.)



ನಾವು ಬೆಳೆದದ್ದನ್ನು ಮಂಡಿಗೆ ಒಯ್ದಾಗ ಬೆಲೆ ಕಟ್ಟುವವನು ಕೊಳ್ಳುವವನು. ನಾವು ಅಂಗಡಿಗೆ ಹೋದಾಗ ಬೆಲೆ ಕಟ್ಟುವವನು ಮಾರುವವನು. ಎರಡು ಕಡೆಯೂ ನಮಗೆ ಬಾಯಿಲ್ಲ. ಇದು ಹಳೆಯ ಮಾತು, ನಿಮಗೆಲ್ಲ ಗೊತ್ತಿರುವ ಮಾತು. ಈವತ್ತು ನಾನು ಹೇಳಬೇಕೆಂದಿರುವುದು ಇದರ ಮೂರನೆಯ ಮುಖ. ದುಡ್ಡು ಕೊಟ್ಟು ಮನೆ ಬಾಗಿಲಿಗೆ ತಂದು ನಿಲ್ಲಿಸಿದ ವಸ್ತುವಿನ ಮೇಲೂ ಮಾರಿದವನ ಹಿಡಿತ ಬಿಡದೆ ಇರುವುದು. ಹೊಸ ಮೋಟಾರ್ ಸೈಕಲ್ಲಿಗೆ ವಾರಂಟಿ ಉಳಿಯಬೇಕಾದರೆ ಕಂಪನಿಯ ಡೀಲರ ಹತ್ತಿರವೇ ಸರ್ವಿಸ್ ಮಾಡಿಸಬೇಕು ಎನ್ನುವ ಕಟ್ಟಳೆಯ ವಿಷಯ.

'ಬೈಕಿನ ಸರ್ವಿಸ್ಸೂ ರೈತರ ಸಮಸ್ಯೆಯೇನ್ರೀ?' ಎಂದು ಪೇಟೆಯವರು ನಗಬಹುದು. ನಗಲಿ. ನಮ್ಮ ಹಳ್ಳಿಗಳಲ್ಲಿ ಬೈಕು ಷೋಕಿಗೆ ಇರುವ ಗಾಡಿಯಲ್ಲ. ಬೆಳಿಗ್ಗೆ ಹಾಲಿನ ಕ್ಯಾನು ಅದರ ಮೇಲೆ ಹೋಗುತ್ತದೆ. ಬಿತ್ತನೆ ಬೀಜ, ಗೊಬ್ಬರದ ಚೀಲ, ಔಷಧಿ ಹೊಡೆಯುವ ಪಂಪು, ಮೇವಿನ ಹೊರೆ ಎಲ್ಲ ಅದರ ಮೇಲೇ. ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಕರೆಂಟು ಬಂದರೆ ಮೋಟಾರು ಹಾಕಲು ತೋಟಕ್ಕೆ ಓಡುವುದು ಅದರಲ್ಲೇ. ಹೆರಿಗೆ ನೋವು ಬಂದ ಹೆಣ್ಣುಮಗಳನ್ನು ಆಟೋ ಸಿಗುವ ಜಾಗಕ್ಕೆ ಮುಟ್ಟಿಸುವುದೂ ಅದೇ. ಒಂದು ಕಾಲದಲ್ಲಿ ಎತ್ತಿಗೆ ಇದ್ದ ಸ್ಥಾನದಲ್ಲಿ ಅರ್ಧವನ್ನಾದರೂ ಈಗ ಅದು ಹಿಡಿದುಕೊಂಡಿದೆ. ಎತ್ತಿಗೆ ಲಾಳ ಕಟ್ಟಿಸಲು ಮಾರಿದವನ ಮನೆಗೇ ಹೋಗಬೇಕು ಎಂದು ಯಾವ ಜಾತ್ರೆಯಲ್ಲೂ ಯಾರೂ ಹೇಳಿರಲಿಲ್ಲ!

ಮೊದಲು ವಾರಂಟಿ ಎಂದರೆ ಏನು ಅಂತ ತಿಳಿಯೋಣ. ಇಂತಿಷ್ಟು ವರ್ಷ, ಇಲ್ಲವೆ ಇಂತಿಷ್ಟು ಕಿಲೋಮೀಟರಿನ ಒಳಗೆ, ತಯಾರಿಕೆಯ ದೋಷದಿಂದ ಗಾಡಿ ಕೆಟ್ಟರೆ ಕಂಪನಿ ತನ್ನ ಖರ್ಚಿನಲ್ಲಿ ಸರಿಮಾಡಿ ಕೊಡುತ್ತದೆ ಎಂಬ ಮಾತು. ಇದು ಕಂಪನಿ ನಮಗೆ ಕೊಡುವ ದಾನವಲ್ಲ. ಗಾಡಿಯ ಬೆಲೆಯೊಳಗೇ ಇದರ ಖರ್ಚು ಸೇರಿದೆ. 'ಉಚಿತ ಸರ್ವಿಸ್' ಎಂಬ ಕೂಪನ್ನುಗಳ ಖರ್ಚೂ ಹಾಗೇ. ನಾವು ಮೊದಲೇ ಕೊಟ್ಟ ದುಡ್ಡನ್ನೇ ಚೀಟಿ ಮಾಡಿ ನಮ್ಮ ಕೈಗೆ ಕೊಟ್ಟು, 'ನೋಡಿ ಯಜಮಾನ್ರೇ, ಫ್ರೀ!' ಅಂತಾರೆ. ನಾವು ಖುಷಿಯಾಗಿ ಜೇಬಿಗಿಟ್ಟುಕೊಂಡು ಬರ್ತೇವೆ.

ಇನ್ನು ವಾರಂಟಿಯ ಪುಸ್ತಕ ಬಿಡಿಸಿ ನೋಡಿ. ಸಣ್ಣ ಅಕ್ಷರ, ಹೆಚ್ಚಿನದೆಲ್ಲ ಇಂಗ್ಲಿಷು. ಬ್ರೇಕಿನ ಲೈನಿಂಗು, ಕ್ಲಚ್ ಪ್ಲೇಟು, ಚೈನು, ಸ್ಪಾರ್ಕ್ ಪ್ಲಗ್ಗು, ಫಿಲ್ಟರು, ಬಲ್ಬು, ಕೇಬಲ್ಲು, ರಬ್ಬರಿನ ಭಾಗಗಳು ಸಾಮಾನ್ಯವಾಗಿ ವಾರಂಟಿಯಿಂದ ಹೊರಗೆ. ಟೈರು, ಬ್ಯಾಟರಿಗೆ ಅವುಗಳನ್ನು ಮಾಡಿದ ಕಂಪನಿಯ ಜವಾಬ್ದಾರಿ ಬೇರೆ. ಮಣ್ಣಿನ ದಾರಿಯಲ್ಲಿ ಓಡುವ ನಮ್ಮ ಗಾಡಿಯಲ್ಲಿ ಸವೆಯುವುದು, ಕೆಡುವುದು ಹೆಚ್ಚಾಗಿ ಇವೇ. ಉಳಿದದ್ದು ಇಂಜಿನ್ನು, ಗೇರು, ಚಾಸಿ, ವಿದ್ಯುತ್ತಿನ ಕೆಲವು ಭಾಗಗಳು. ಅಂದರೆ ಕೆಡುವ ಸಂಭವ ಕಡಿಮೆ ಇರುವ, ಕೆಟ್ಟರೆ ಮಾತ್ರ ದೊಡ್ಡ ಖರ್ಚಿನ ಭಾಗಗಳು. ಆ ದೊಡ್ಡ ಖರ್ಚಿನ ಹೆದರಿಕೆಯೇ ನಮ್ಮನ್ನು ವರ್ಷಾನುಗಟ್ಟಲೆ ಷೋರೂಮಿನ ಬಾಗಿಲಿಗೆ ಕಟ್ಟಿಹಾಕಿರುವ ಹಗ್ಗ. ಒಂದು ಸರ್ವಿಸ್ ತಪ್ಪಿದರೆ, ಅಥವಾ ಊರಿನ ಮೆಕ್ಯಾನಿಕ್ ಕೈಯಲ್ಲಿ ಆಯಿಲ್ ಬದಲಾಯಿಸಿದರೆ, 'ವಾರಂಟಿ ಹೋಯ್ತು' ಅಂತ ಕೌಂಟರಿನ ಹುಡುಗ ಒಂದೇ ಮಾತಿನಲ್ಲಿ ಹೇಳಿಬಿಡ್ತಾನೆ.

ಈಗ ಲೆಕ್ಕ ಮಾಡೋಣ. ನಾನು ಹೇಳುವ ಅಂಕಿ ಉದಾಹರಣೆಗೆ ಮಾತ್ರ. ನಿಮ್ಮ ಊರಿನ ದೂರ, ದರ ಹಾಕಿಕೊಂಡು ನೀವೇ ಕೂಡಿಸಿ. ಷೋರೂಮು 40 ಕಿ.ಮೀ. ದೂರ ಇದೆ ಅಂತ ಇಟ್ಟುಕೊಳ್ಳಿ. ಹೋಗಿ ಬರಲು 80 ಕಿ.ಮೀ.; ಪೆಟ್ರೋಲಿಗೆ 160 ರೂಪಾಯಿ. 'ಉಚಿತ' ಸರ್ವಿಸ್ಸಿನಲ್ಲಿ ಕೂಲಿ ಮಾತ್ರ ಉಚಿತ, ಆಯಿಲ್ಲಿಗೆ ದುಡ್ಡು ಕೊಡಬೇಕು, ಅದು 400. ಗ್ರೀಸು, ಕ್ಲೀನರು, 'ಇತರೆ' ಎಂದು ಇನ್ನೊಂದು 150. ಸಂಜೆವರೆಗೆ ಕಾಯುವವನಿಗೆ ಊಟ, ಕಾಫಿ 90. ಹೊಲದ ಕೆಲಸ ಬಿಟ್ಟು ಹೋದ ಒಂದು ದಿನದ ಆಳಿನ ಲೆಕ್ಕ 500. ಒಟ್ಟು 1,300 ರೂಪಾಯಿ. ಇದೇ ಕೆಲಸವನ್ನು ಹೋಬಳಿಯ ಮೆಕ್ಯಾನಿಕ್, ಅದೇ ದರ್ಜೆಯ 400 ರೂಪಾಯಿ ಆಯಿಲ್ ಹಾಕಿ, 150 ಕೂಲಿ ತೆಗೆದುಕೊಂಡು, ನೀವು ಸಂತೆ ಮುಗಿಸಿ ಬರುವಷ್ಟರಲ್ಲಿ ಮಾಡಿಕೊಡುತ್ತಾನೆ: 550. ವ್ಯತ್ಯಾಸ 750. ವಾರಂಟಿ ಕಾಲದಲ್ಲಿ ಇಂಥ ಐದು ಸರ್ವಿಸ್ ಎಂದರೆ 3,750 ರೂಪಾಯಿ. ನೂರು ಹೊಸ ಗಾಡಿ ಇರುವ ಊರಿನಿಂದ 3,75,000 ರೂಪಾಯಿ! ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ ಅಲ್ವೇ?

ದುಡ್ಡಿನ ಲೆಕ್ಕ ಇದಾದರೆ ಹೊತ್ತಿನ ಲೆಕ್ಕ ಇನ್ನೊಂದು. ಸರ್ವಿಸ್ ಪುಸ್ತಕದಲ್ಲಿ 'ಇಂತಿಷ್ಟು ಕಿಲೋಮೀಟರ್ ಅಥವಾ ಇಂತಿಷ್ಟು ದಿನ, ಯಾವುದು ಮೊದಲೋ ಅದು' ಎಂದು ಬರೆದಿರುತ್ತಾರೆ. 'ಯಾವುದು ಮೊದಲೋ' ಎನ್ನುವ ಎರಡು ಪದದಲ್ಲೇ ರೈತ ಸಿಕ್ಕಿಕೊಳ್ಳುವುದು. ಪೇಟೆಯ ನೌಕರನ ಗಾಡಿ ದಿನಾ ಒಂದೇ ಸಮ ಓಡುತ್ತದೆ. ನಮ್ಮ ಗಾಡಿ ಹಾಗಲ್ಲ. ನಾಟಿ, ಕೊಯ್ಲಿನ ದಿನಗಳಲ್ಲಿ ಮನೆಯಿಂದ ಹೊಲಕ್ಕೆ, ಹೊಲದಿಂದ ಮನೆಗೆ. ಕಿಲೋಮೀಟರು ಕೂಡಿರುವುದಿಲ್ಲ, ದಿನ ಮಾತ್ರ ಕಳೆದುಹೋಗಿರುತ್ತದೆ. ಮಳೆ ಬಿದ್ದು ಹದ ಬಂದ ದಿನವೇ ಸರ್ವಿಸ್ಸಿನ ಗಡುವು ಬಂತು ಅನ್ನಿ. ಹದ ಬಿಟ್ಟರೆ ಬೆಳೆ ಹೋಯ್ತು, ಗಡುವು ಬಿಟ್ಟರೆ ವಾರಂಟಿ ಹೋಯ್ತು. ಗಡುವು ಬರೆದವನಿಗೆ ಹದ ಎಂದರೇನು ಗೊತ್ತು?

ಇದರ ಮೇಲೆ ಸಾಲ. ನಮ್ಮಲ್ಲಿ ಕೈತುಂಬ ರೊಕ್ಕ ಎಣಿಸಿ ಬೈಕು ತರುವವರು ಎಷ್ಟು ಮಂದಿ? ಮುಂಗಡ ಕಟ್ಟಿ, ಉಳಿದದ್ದು ಫೈನಾನ್ಸು. ಆರ್.ಸಿ. ಪುಸ್ತಕದಲ್ಲಿ ಫೈನಾನ್ಸಿನ ಹೆಸರು. ನಮಗೆ ಹಣ ಬರುವುದು ಬೆಳೆಗೊಮ್ಮೆ, ಕಂತು ಬರುವುದು ತಿಂಗಳಿಗೊಮ್ಮೆ. ತಿಂಗಳಿಗೆ 3,000 ಕಂತು ಎಂದರೆ ದಿನಕ್ಕೆ 100. 'ಪಾರ್ಟ್ಸು ಬಂದಿಲ್ಲ, ಕಂಪನಿಯಿಂದ ಅಪ್ರೂವಲ್ ಬರಬೇಕು' ಅಂತ ಗಾಡಿಯನ್ನು 12 ದಿನ ನಿಲ್ಲಿಸಿಕೊಂಡರೆ, ಓಡದ ಗಾಡಿಗೆ ನಾವು 1,200 ರೂಪಾಯಿ ಕಟ್ಟಿದ ಹಾಗಾಯಿತು. ಫೈನಾನ್ಸಿನವನು ಆ 12 ದಿನ ಬಿಡುತ್ತಾನೆಯೇ? ಇನ್ನೊಂದು ಸಂಗತಿ ನೋಡಿಕೊಳ್ಳಿ. ಕೊಳ್ಳುವಾಗಲೇ 'ಹೆಚ್ಚುವರಿ ವಾರಂಟಿ', 'ವಾರ್ಷಿಕ ಸರ್ವಿಸ್ ಪ್ಯಾಕೇಜು' ಎಂದು ಸೇರಿಸಿ ಅದನ್ನೂ ಸಾಲದ ಮೊತ್ತದಲ್ಲೇ ತುಂಬುವುದುಂಟು. ಆಗ ಇನ್ನೂ ಮಾಡಿಸದ ಸರ್ವಿಸ್ಸಿಗೆ ಈಗಿನಿಂದಲೇ ಬಡ್ಡಿ! ಹುಟ್ಟದ ಕೂಸಿಗೆ ಕುಲಾವಿ ಹೊಲಿಸಿ, ಅದಕ್ಕೆ ಸಾಲಪತ್ರ ಬರೆದುಕೊಟ್ಟ ಹಾಗೆ.

2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಬೈಕುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ಷೋರೂಮುಗಳ ಮುಂದೆ ಬ್ಯಾನರು ಕಟ್ಟಿದರು. ಒಳ್ಳೆಯದೇ. ಆದರೆ ಸರ್ವಿಸ್ ಕೂಲಿಯ ಮೇಲಿನ ಶೇಕಡಾ 18 ಹಾಗೇ ಉಳಿಯಿತು. ಗಾಡಿ ಕೊಳ್ಳುವುದು ಒಂದು ಸಲ, ಸರ್ವಿಸ್ ಹತ್ತಾರು ಸಲ. ಡೀಲರಿಗೆ ಗಾಡಿ ಮಾರಿದಾಗ ಸಿಗುವ ಲಾಭ ತೆಳ್ಳಗಿನದು. ಅವರ ಅಂಗಡಿ ನಡೆಯುವುದು ಬಹಳ ಮಟ್ಟಿಗೆ ಕೂಲಿ, ಬಿಡಿಭಾಗ, ಆಯಿಲ್, ವಿಮೆಯ ಕಮಿಷನ್ನಿನಿಂದ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬ ಧೈರ್ಯ ಅವರದು. ನೀರಿಗೆ ಒಂದೇ ಬಾವಿ ಇಟ್ಟು, ಹಗ್ಗವನ್ನೂ ತಮ್ಮ ಕೈಯಲ್ಲೇ ಇಟ್ಟುಕೊಂಡವರಿಗೆ ಧೈರ್ಯ ಏಕೆ ಇರಬಾರದು?

ಬಂಧುಗಳೇ, ಒಂದು ಕಡೆಯ ಮಾತನ್ನೇ ಹೇಳಿ ನಿಮ್ಮನ್ನು ದಾರಿ ತಪ್ಪಿಸಬಾರದು. ಹೊಸ ಇಂಜಿನ್ನಿನ ಮೊದಲ ಸರ್ವಿಸ್ ನಿಜವಾಗಿ ಬೇಕು. ಹೊಸದರಲ್ಲಿ ಒಳಗಿನ ಭಾಗಗಳು ಒಂದಕ್ಕೊಂದು ಉಜ್ಜಿಕೊಂಡು ಹೊಂದಿಕೊಳ್ಳುತ್ತವೆ. ಸಣ್ಣ ಲೋಹದ ಕಣಗಳು ಆಯಿಲ್ಲಿಗೆ ಇಳಿಯುತ್ತವೆ. ಆ ಆಯಿಲ್ ಸಮಯಕ್ಕೆ ಸರಿಯಾಗಿ ತೆಗೆಯದಿದ್ದರೆ ನಷ್ಟ ನಮಗೇ. ನಟ್ಟು, ಬೋಲ್ಟು, ಚೈನು, ಟ್ಯಾಪೆಟ್ ನೋಡಿ ಬಿಗಿ ಮಾಡಲೇಬೇಕು. ಇನ್ನೊಂದು: 2020ರ ಏಪ್ರಿಲ್ 1ರಿಂದ ಬಿ.ಎಸ್.-6 ನಿಯಮ ಬಂದ ಮೇಲೆ ಹಳೆಯ ಕಾರ್ಬುರೇಟರ್ ಹೋಗಿ ಬಹುಪಾಲು ಬೈಕುಗಳಿಗೆ ಇಂಜೆಕ್ಟರು, ಸೆನ್ಸಾರು ಬಂದವು. ದೋಷ ಎಲ್ಲಿದೆ ಎಂದು ಓದಲು ಸ್ಕ್ಯಾನರ್ ಬೇಕು. ಎಲ್ಲ ಗ್ಯಾರೇಜಿನಲ್ಲೂ ಅದಿಲ್ಲ. ಕೈಚಳಕ ಇದೆ ಎಂದು ವೈರು ಕತ್ತರಿಸಿ ಜೋಡಿಸುವವನ ಕೈಗೆ ಹೊಸ ಗಾಡಿ ಕೊಡಿ ಎಂದು ನಾನು ಹೇಳುತ್ತಿಲ್ಲ. ಕಂಪನಿ ತನ್ನ ಜವಾಬ್ದಾರಿಗೆ ಗಡಿ ಹಾಕಿಕೊಳ್ಳುವುದೂ ತಪ್ಪಲ್ಲ. ಯಾರೋ ತಪ್ಪು ಆಯಿಲ್ ಹಾಕಿ ಇಂಜಿನ್ ಸುಟ್ಟರೆ ಕಂಪನಿ ಏಕೆ ಹೊರಬೇಕು?

ನಮ್ಮ ತಕರಾರು ಇಷ್ಟೇ: ಊರಿನಲ್ಲಿ ಆಯಿಲ್ ಬದಲಾಯಿಸಿದ್ದಕ್ಕೂ ಮೀಟರ್ ಕೆಟ್ಟದ್ದಕ್ಕೂ ಏನು ಸಂಬಂಧ? ಚೈನು ಬಿಗಿ ಮಾಡಿಸಿದ್ದಕ್ಕೂ ಚಾಸಿಯ ಬೆಸುಗೆ ಬಿಟ್ಟದ್ದಕ್ಕೂ ಏನು ಸಂಬಂಧ? ಹೊರಗಿನ ಕೆಲಸದಿಂದ ಯಾವುದು ಕೆಟ್ಟಿತೋ ಅದಕ್ಕೆ ಇಲ್ಲ ಅನ್ನಲಿ. ಹೊರಗೆ ಮುಟ್ಟಿಸಿದ್ದಕ್ಕೇ ಇಡೀ ವಾರಂಟಿ ಇಲ್ಲ ಅನ್ನುವುದು ನ್ಯಾಯವಲ್ಲ.

ಇದು ನಾನೊಬ್ಬ ಕಟ್ಟಿದ ವಾದವಲ್ಲ. ದೆಹಲಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗ ಎಂಬ ಸಂಸ್ಥೆ ಇದೆ. 2011ರಲ್ಲಿ ಶಂಶೇರ್ ಕಟಾರಿಯಾ ಎಂಬವರು ಕಾರು ಕಂಪನಿಗಳ ಮೇಲೆ ಅಲ್ಲಿ ದೂರು ಕೊಟ್ಟರು. ಬಿಡಿಭಾಗ, ದೋಷ ಪತ್ತೆಯ ಉಪಕರಣ ಯಾವುದನ್ನೂ ಹೊರಗಿನ ಗ್ಯಾರೇಜಿಗೆ ಸಿಗದಂತೆ ಕಂಪನಿಗಳು ತಡೆಯುತ್ತಿವೆ ಎಂಬುದು ದೂರಿನ ತಿರುಳು. 2014ರ ಆಗಸ್ಟ್ 25ರಂದು ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. ಹೊರಗಿನ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದರು ಎಂಬ ಒಂದೇ ಕಾರಣಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಮಾಡುವಂತಿಲ್ಲ. ಹೊರಗಿನ ತಪ್ಪು ರಿಪೇರಿಯಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದು ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2016ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ, ತನ್ನ ಮುಂದಿದ್ದ ಮೂರು ಕಂಪನಿಗಳ ದಂಡ ಇಳಿಸಿತು. ಆದರೆ ನಡೆದದ್ದು ತಪ್ಪು ಎಂಬ ತೀರ್ಮಾನವನ್ನು ಉಳಿಸಿತು. ಇದು ಕಾರಿನ ಆದೇಶ. ಬೈಕಿಗೆ, ಟ್ರ್ಯಾಕ್ಟರಿಗೆ ನೇರವಾಗಿ ಹಚ್ಚಲು ಬರುವುದಿಲ್ಲ. ಆದರೆ ನ್ಯಾಯ ಯಾವ ಕಡೆ ಇದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಕಾರಿನವನಿಗೆ ಒಂದು ನ್ಯಾಯ, ಬೈಕಿನವನಿಗೆ ಇನ್ನೊಂದು ನ್ಯಾಯವೇ?

ಬಂಡವಾಳದ ತವರುಮನೆ ಎನ್ನುವ ಅಮೆರಿಕವನ್ನೇ ನೋಡಿ. ನಮ್ಮ ಡೀಲರುಗಳ ಬಾಯಲ್ಲಿ ಬರುವ ಷರತ್ತನ್ನು ತಡೆಯುವ ವಾರಂಟಿ ಕಾಯಿದೆ ಅಲ್ಲಿ 1975ರಲ್ಲೇ ಬಂತು. 2022ರಲ್ಲಿ ಅಲ್ಲಿನ ವ್ಯಾಪಾರ ಆಯೋಗ, ಹಾರ್ಲೆ-ಡೇವಿಡ್ಸನ್ ಎಂಬ ದೊಡ್ಡ ಮೋಟಾರ್ ಸೈಕಲ್ ಕಂಪನಿಯ ಮೇಲೆ ಕ್ರಮ ಕೈಗೊಂಡು ಇಂಥ ಷರತ್ತನ್ನು ತೆಗೆಸಿತು. ಬೇರೆ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದರೆ ವಾರಂಟಿ ಹೋಗದು ಎಂದು ಗಿರಾಕಿಗಳಿಗೆ ತಿಳಿಸುವಂತೆ ಮಾಡಿತು. 2023ರಲ್ಲಿ ಕೊಲರಾಡೋ ರಾಜ್ಯ, ರೈತರು ತಮ್ಮ ಕೃಷಿ ಯಂತ್ರಗಳನ್ನು ತಾವೇ ರಿಪೇರಿ ಮಾಡಿಕೊಳ್ಳಲು ಬೇಕಾದ ಭಾಗ, ಉಪಕರಣ, ಮಾಹಿತಿಯನ್ನು ಕಂಪನಿಗಳು ಕೊಡಲೇಬೇಕು ಎಂದು ಕಾಯಿದೆ ಮಾಡಿತು. ಅದು 2024ರ ಜನವರಿ 1ರಿಂದ ಜಾರಿಗೆ ಬಂತು. ಅಲ್ಲಿನ ರೈತರು ಗಟ್ಟಿಯಾಗಿ ಕೇಳಿದ್ದರಿಂದ ಬಂತು.

ನಮ್ಮ ಕೇಂದ್ರ ಸರಕಾರವೂ 2022ರ ಜುಲೈಯಲ್ಲಿ 'ರಿಪೇರಿಯ ಹಕ್ಕು' ಕುರಿತು ಸಮಿತಿ ಮಾಡಿತು. ಮೊದಲಿಗೆ ಆರಿಸಿಕೊಂಡ ನಾಲ್ಕು ವಿಭಾಗಗಳಲ್ಲಿ ಕೃಷಿ ಉಪಕರಣವೂ ಇತ್ತು, ವಾಹನವೂ ಇತ್ತು. ಆ ವರ್ಷದ ಡಿಸೆಂಬರ್ 24ರಂದು ಅದಕ್ಕೊಂದು ಜಾಲತಾಣ ತೆರೆದರು. ಸಂತೋಷ. ಆದರೆ ಸಮಿತಿ ಎಂಬುದು ಕಾಯಿದೆಯಲ್ಲ, ಜಾಲತಾಣ ಎಂಬುದು ಹಕ್ಕಲ್ಲ. ಕಂಪನಿ ತಾನಾಗಿ ಮನಸ್ಸು ಮಾಡಿದರೆ ಮಾಹಿತಿ, ಇಲ್ಲದಿದ್ದರೆ ಇಲ್ಲ.

ಟ್ರ್ಯಾಕ್ಟರು ಇರುವವರು 'ಇದು ಬೈಕಿನವರ ಗೋಳು' ಎಂದು ಸುಮ್ಮನೆ ಕೂರಬೇಡಿ. ಅಲ್ಲಿ ಕಿಲೋಮೀಟರಿನ ಬದಲು ಗಂಟೆಯ ಲೆಕ್ಕ, ಅಷ್ಟೇ ವ್ಯತ್ಯಾಸ. ಉಳುಮೆಯ ಕಾಲದಲ್ಲಿ ಮೊದಲ 50 ಗಂಟೆ ಒಂದೇ ವಾರದಲ್ಲಿ ಮುಗಿದುಹೋಗುತ್ತದೆ. ಆಗ ಸರ್ವಿಸ್ಸಿನವನು 'ನಾಳೆ ಬರ್ತೀನಿ' ಅಂದರೆ ನಿಲ್ಲುವುದು ಒಂದು ಗಾಡಿಯಲ್ಲ, ಹತ್ತು ಮನೆಯ ಬಿತ್ತನೆ.

ಹಾಗಾದರೆ ಏನು ಮಾಡಬೇಕು? ಮೊದಲು ಒಬ್ಬೊಬ್ಬರೂ ಮಾಡಬೇಕಾದದ್ದು.

ಸಿಟ್ಟಿನಲ್ಲಿ ಸರ್ವಿಸ್ ತಪ್ಪಿಸಬೇಡಿ. ಷರತ್ತು ಅನ್ಯಾಯದ್ದಾದರೂ ಪುಸ್ತಕದಲ್ಲಿ ಇದೆ. ಅದು ಹೋಗುವವರೆಗೆ ಗಡುವಿನ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಗಡುವಿಗೆ ಹೋಗಲು ಆಗದ ಕಾರಣ ಇದ್ದರೆ ಮೊದಲೇ ಡೀಲರಿಗೆ ಫೋನಿನಲ್ಲಿ ಅಕ್ಷರದ ಸಂದೇಶ ಕಳಿಸಿ, ಅಳಿಸಬೇಡಿ.

ಗಾಡಿ ಒಳಗೆ ಬಿಡುವ ಮೊದಲು ಜಾಬ್ ಕಾರ್ಡ್ ಬರೆಸಿ. ನೀವು ಹೇಳಿದ ದೂರು ನಿಮ್ಮ ಮಾತಿನಲ್ಲೇ ಇರಲಿ, ಕಿಲೋಮೀಟರ್ ಇರಲಿ, ಅಂದಾಜು ಖರ್ಚು ಇರಲಿ. ಖಾಲಿ ಕಾಗದಕ್ಕೆ ಸಹಿ ಬೇಡ. ಪಾಲಿಶ್, ಇಂಜಿನ್ನಿಗೆ ಹಾಕುವ ಬಾಟಲಿ ಔಷಧಿ ಇಂಥವು ಸರ್ವಿಸ್ ಪುಸ್ತಕದ ಪಟ್ಟಿಯಲ್ಲಿವೆಯೇ ಕೇಳಿ. ಇಲ್ಲದಿದ್ದರೆ 'ಬೇಡ' ಎಂದು ಕಾರ್ಡಿನ ಮೇಲೇ ಬರೆಸಿ. ಬದಲಾಯಿಸಿದ ಹಳೆಯ ಭಾಗವನ್ನು ತೋರಿಸಲು ಕೇಳಿ. ಬಿಲ್ಲು ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಊರಿನಲ್ಲಿ ಕೆಲಸ ಮಾಡಿಸಿದರೂ ಆಯಿಲ್ಲಿನ ದರ್ಜೆ ಇರುವ ಬಿಲ್ಲು ಇಟ್ಟುಕೊಳ್ಳಿ. ಮುಂದೆ ಮಾತಾಡುವುದು ಅದೇ.

'ವಾರಂಟಿ ಇಲ್ಲ' ಅಂದರೆ ಜಗಳ ಆಡಬೇಡಿ. 'ಆಗಲಿ ಸ್ವಾಮಿ, ಯಾವ ಭಾಗ, ಯಾವ ಕಾರಣಕ್ಕೆ ಕೆಟ್ಟಿದೆ, ಹೊರಗಿನ ಕೆಲಸದಿಂದ ಅದು ಹೇಗೆ ಕೆಟ್ಟಿತು, ಬರೆದು ಕೊಡಿ' ಅನ್ನಿ. ಬಾಯಲ್ಲಿ ಹೇಳಿದಷ್ಟು ಸುಲಭವಾಗಿ ಬರೆದು ಕೊಡಲು ಬರುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ, ಎಷ್ಟೋ ಸಲ ಕಂಪನಿ ಒಪ್ಪಬಹುದಾದದ್ದನ್ನು ಡೀಲರ ಕೌಂಟರೇ ತಡೆದಿರುತ್ತದೆ. ಆದ್ದರಿಂದ ಕಂಪನಿಗೂ ನೇರವಾಗಿ ಬರೆಯಿರಿ.

ಅದಕ್ಕೂ ಬಗ್ಗದಿದ್ದರೆ ಕಾನೂನು ಇದೆ. 1915ಕ್ಕೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈ 20ರಿಂದ ಜಾರಿಗೆ ಬಂದ ಮೇಲೆ, ಕಂಪನಿ ಎಲ್ಲೇ ಇರಲಿ, ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕ ಇಲ್ಲ. 5ರಿಂದ 10 ಲಕ್ಷದ ಟ್ರ್ಯಾಕ್ಟರಿಗೆ 200 ರೂಪಾಯಿ. ವಕೀಲರು ಇರಲೇಬೇಕೆಂದಿಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. 'ಟ್ರ್ಯಾಕ್ಟರು ವ್ಯಾಪಾರದ್ದು, ನೀವು ಗ್ರಾಹಕರಲ್ಲ' ಎಂದು ಎದುರು ಪಕ್ಷ ಹೇಳಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಮಾತ್ರ ಬಳಸುವುದು ವ್ಯಾಪಾರದ ಉದ್ದೇಶವಲ್ಲ ಎಂದು ಕಾಯಿದೆಯೇ ಹೇಳುತ್ತದೆ. ಒಂದು ವಸ್ತು ಬೇಕಾದರೆ ಇನ್ನೊಂದು ವಸ್ತು ಅಥವಾ ಸೇವೆಯನ್ನೂ ಕೊಳ್ಳಲೇಬೇಕು ಎಂದು ಕಟ್ಟಿಹಾಕುವುದನ್ನು 'ನಿರ್ಬಂಧಿತ ವ್ಯಾಪಾರ ಪದ್ಧತಿ' ಎಂದು ಅದೇ ಕಾಯಿದೆ ಕರೆದಿದೆ. ಈ ಮಾತನ್ನು ದೂರಿನಲ್ಲಿ ಬರೆಯಲು ಮರೆಯಬೇಡಿ.

ಇದೆಲ್ಲ ಒಬ್ಬೊಬ್ಬರ ಕೆಲಸ. ಆದರೆ ಒಬ್ಬ ರೈತ ಕೌಂಟರಿನ ಮುಂದೆ ನಿಂತರೆ ಅವನು ಗಿರಾಕಿ; ಐವತ್ತು ರೈತರು ನಿಂತರೆ ಅದು ಸಂಘಟನೆ. 1980ರಲ್ಲಿ ನರಗುಂದ, ನವಲಗುಂದದ ರೈತರು ಕೇಳಿದ ಪ್ರಶ್ನೆ ಸರಳವಾಗಿತ್ತು: ನೀರಿನ ಪ್ರಯೋಜನ ಸಿಗದ ಹೊಲಕ್ಕೆ ಅಭಿವೃದ್ಧಿ ಕರ ಏಕೆ ಕಟ್ಟಬೇಕು? ಪ್ರಶ್ನೆ ಸರಳವಾಗಿದ್ದರಿಂದಲೇ ರಾಜ್ಯವೆಲ್ಲ ಹಬ್ಬಿತು. ನಮ್ಮ ಈಗಿನ ಪ್ರಶ್ನೆಯೂ ಸರಳವೇ: ಬೆಲೆಯಲ್ಲೇ ಕೊಟ್ಟು ಮುಗಿಸಿದ ವಾರಂಟಿಗೆ ಮತ್ತೆ ಮತ್ತೆ ಏಕೆ ಕಟ್ಟಬೇಕು?

ಡೀಲರುಗಳ ಮುಂದೆ, ಕಂಪನಿಗಳ ಮುಂದೆ ಇಡಬೇಕಾದ ಬೇಡಿಕೆ ನಾಲ್ಕು. ಒಂದು, ತಿಂಗಳಿಗೊಮ್ಮೆ ಹೋಬಳಿಯ ಸಂತೆಯ ದಿನ ಸರ್ವಿಸ್ ಶಿಬಿರ ನಡೆಸಿ, ಅಲ್ಲೇ ಪುಸ್ತಕಕ್ಕೆ ಮುದ್ರೆ ಹಾಕಬೇಕು. ಗಾಡಿ ಮಾರಲು ಸಂತೆಗೆ ಡೇರೆ ಹಾಕಿಕೊಂಡು ಬರುವವರಿಗೆ ಸರ್ವಿಸ್ ಮಾಡಲು ಬರುವುದು ಕಷ್ಟವೇನಲ್ಲ. ಎರಡು, ಹೋಬಳಿಯ ಮೆಕ್ಯಾನಿಕ್ ಹುಡುಗರಿಗೆ ತರಬೇತಿ, ಸ್ಕ್ಯಾನರು ಕೊಟ್ಟು, ಅವರು ಸರಿಯಾದ ಆಯಿಲ್ ಹಾಕಿ ಬಿಲ್ಲು ಕೊಟ್ಟ ಕೆಲಸವನ್ನು ಒಪ್ಪಬೇಕು. ಅವರೂ ನಮ್ಮ ಮಕ್ಕಳೇ. ಜಮೀನು ಸಾಲದೆ ಪಾನಾ ಹಿಡಿದವರು. ಮೂರು, ದಿನದ ಗಡುವಿನಲ್ಲಿ ಬಿತ್ತನೆ, ಕೊಯ್ಲಿನ ಕಾಲಕ್ಕೆ ಒಂದು ತಿಂಗಳ ರಿಯಾಯಿತಿ ಇರಬೇಕು. ನಾಲ್ಕು, ವಾರಂಟಿಯ ಷರತ್ತು ಕನ್ನಡದಲ್ಲಿ, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ, ದುಡ್ಡು ಕಟ್ಟುವ ಮೊದಲೇ ಕೈಗೆ ಬರಬೇಕು. ಸರಕಾರದ ಮುಂದೆ ಬೇಡಿಕೆ ಒಂದೇ: 2014ರಲ್ಲಿ ಕಾರಿಗೆ ಹೇಳಿದ ನ್ಯಾಯವನ್ನು ಬೈಕಿಗೂ ಟ್ರ್ಯಾಕ್ಟರಿಗೂ ಕಾಯಿದೆಯಾಗಿ ಬರೆಯಿರಿ.

ಈ ತಿಂಗಳು ನಿಮ್ಮ ಗ್ರಾಮ ಘಟಕದಲ್ಲಿ ಒಂದು ಕೆಲಸ ಮಾಡಿ. ವಾರಂಟಿ ಕಾಲದಲ್ಲಿರುವ ಬೈಕು, ಟ್ರ್ಯಾಕ್ಟರುಗಳ ಪಟ್ಟಿ ಬರೆಯಿರಿ. ಪ್ರತಿಯೊಂದರ ಮುಂದೆ ಕೊನೆಯ ಸರ್ವಿಸ್ಸಿಗೆ ಆದ ಖರ್ಚು, ಕಳೆದ ದಿನ, ನಿರಾಕರಿಸಿದ್ದರೆ ಅದರ ಕಾರಣ ಬರೆಯಿರಿ. ಕೂಡಿಸಿ ನೋಡಿ. ಆ ಮೊತ್ತ ನೋಡಿದ ಮೇಲೆ ನಾನು ಮತ್ತೊಂದು ಭಾಷಣ ಮಾಡುವ ಅಗತ್ಯ ಇರುವುದಿಲ್ಲ. ಪಟ್ಟಿ ಹಿಡಿದುಕೊಂಡು, ಹೆಗಲ ಮೇಲೆ ಹಸಿರು ಟವಲು ಹಾಕಿಕೊಂಡು, ಶಾಂತವಾಗಿ, ಎಲ್ಲರೂ ಒಟ್ಟಿಗೆ ಷೋರೂಮಿಗೆ ಹೋಗೋಣ. ಗಲಾಟೆ ಬೇಡ, ಗಾಜು ಒಡೆಯುವುದು ಬೇಡ. ಲೆಕ್ಕ ಕೇಳೋಣ. ಉತ್ತರವನ್ನು ಕಾಗದದ ಮೇಲೆ ಬರೆಸಿಕೊಂಡು ಬರೋಣ.